ಹೆಡ್‌ಮಾಸ್ಟರ ಕಿವಿಗಿಟ್ಟ ಹತ್ತಿ

1996ರಲ್ಲಿ ನಾನು ಚಾಮರಾಜನಗರದಲ್ಲಿ ಸಂಪನ್ಮೂಲ ಶಿಕ್ಷಕಿ. ಕಿವಿ ಕೇಳದ, ಕಣ್ಣು ಕಾಣದ ಮಕ್ಕಳನ್ನು ಊರಿನ ಶಾಲೆಯಲ್ಲೇ ಓದಿಸುವ ಯೋಜನೆಗೆ ಹೆಡ್‌ಮಾಸ್ಟರುಗಳನ್ನು ತಯಾರು ಮಾಡುವುದು ನನ್ನ ಕೆಲಸ. ಅವರು ಮನಸ್ಸು ಮಾಡದಿದ್ದರೆ ಯಾವ ಸರ್ಕಾರಿ ಆದೇಶವೂ ಶಾಲೆಯ ಗೇಟು ದಾಟುವುದಿಲ್ಲ.

ಆ ಬೇಸಿಗೆ ಗುಂಡ್ಲುಪೇಟೆಯಲ್ಲಿ ಐದು ದಿನದ ತರಬೇತಿ. ಹಾಜರಿ ಪಟ್ಟಿಯಲ್ಲಿ ಪುಟ್ಟಮಾದಪ್ಪ ಎಂಬ ಹೆಸರಿತ್ತು; ಈಗ ಅವರು ಆ ಪೇಟೆಯ ಒಂದು ಶಾಲೆಯ ಹೆಡ್‌ಮಾಸ್ಟರು. ಕುದೇರು ಕಡೆಯ ನಮ್ಮೂರಿನ ಶಾಲೆಯಲ್ಲಿದ್ದಾಗ, ಕಿವಿ ಕೇಳದ ನನ್ನ ತಂಗಿ ಗೌರಿಗೆ ಎರಡನೇ ತರಗತಿಯಲ್ಲೇ ಟೀಸಿ ಕೊಟ್ಟು ಕಳಿಸಿದವರು ಇವರೇ. ಅದರಲ್ಲಿ ‘ಕಲಿಯಲು ಅಯೋಗ್ಯಳು’ ಎಂದು ಬರೆದಿದ್ದರು. ಗೌರಿ ಮತ್ತೆ ಶಾಲೆಯ ಮುಖ ನೋಡಲಿಲ್ಲ. ನಾನು ಈ ಕೆಲಸಕ್ಕೆ ಬಂದದ್ದೇ ಆ ಸಿಟ್ಟಿಗೆ. ಸುಳ್ಳೇಕೆ ಹೇಳಲಿ, ಪಟ್ಟಿ ನೋಡಿ ಖುಷಿಯೇ ಆಯಿತು.

ಮೂರನೇ ದಿನ ಸಿಮ್ಯುಲೇಷನ್, ಅಂದರೆ ಮಗುವಿನ ಕಷ್ಟವನ್ನು ತಾವೇ ಅನುಭವಿಸಿ ನೋಡುವ ಪಾಠ. ಎಲ್ಲರೂ ಕಿವಿಗೆ ಹತ್ತಿ ಇಟ್ಟುಕೊಂಡು ಕೂರಬೇಕು. ಆದರೆ ನಾನು ಪುಟ್ಟಮಾದಪ್ಪನವರೊಬ್ಬರನ್ನೇ ಎಬ್ಬಿಸಿದೆ. ವ್ಯಾಸಲೀನ್ ಸವರಿದ ಹತ್ತಿಯನ್ನು ಒತ್ತಿ ಇಡಿಸಿ ಕೊನೆಯ ಬೆಂಚಿಗೆ ಕಳಿಸಿದೆ. ಹಿಂದೆ ಅವರು ಪಾಠ ಮಾಡುತ್ತಿದ್ದ ರೀತಿಯಲ್ಲೇ ಬೋರ್ಡಿನ ಕಡೆ ಮುಖ ಮಾಡಿ ಡಿಕ್ಟೇಷನ್ ಕೊಟ್ಟೆ. ಒಂದು ಪದವೂ ಸರಿಯಿರಲಿಲ್ಲ. ಹತ್ತಿ ತೆಗೆಸಿ, ಹಾಳೆಯನ್ನು ಎಲ್ಲರಿಗೂ ಎತ್ತಿ ತೋರಿಸಿ, ಗೌರಿಯ ಕಥೆ ಹೇಳಿ ಕೇಳಿದೆ: “ಅವಳ ಟೀಸೀಲಿ ಬರೆದಿದ್ದನ್ನೇ ನಿಮಗೂ ಬರೀಲಾ ಸಾರ್?”

ಎಲ್ಲರೂ ನಕ್ಕರು. ಅವರ ಮುಖ ಕಪ್ಪಿಟ್ಟಿತು. ಮಾಡಿದ್ದುಣ್ಣೋ ಮಹರಾಯ ಅಂದುಕೊಂಡೆ. ಆವತ್ತಿನ ಊಟ ಬಹಳ ರುಚಿಸಿತು.

ಮರುದಿನ ಅವರು ಬರಲಿಲ್ಲ. ಬಂದವರು ಪೇಟೆಯ ಟೈಲರ್ ರಹಮತ್ ಸಾಬರು. ಅವರ ಮಗಳು ನೂರ್‌ಜಹಾನಳಿಗೂ ಕಿವಿ ಕೇಳದು. ಪೇಟೆಯ ಬೇರಾವ ಶಾಲೆಯೂ ಒಪ್ಪದಿದ್ದಾಗ, ತರಬೇತಿ ಮುಗಿಸಿ ಜೂನಿನಲ್ಲಿ ಸೇರಿಸಿಕೊಳ್ಳುವುದಾಗಿ ಪುಟ್ಟಮಾದಪ್ಪನವರು ಮಾತು ಕೊಟ್ಟಿದ್ದರಂತೆ.

“ಈಗ ಆಗಲ್ಲ ಅಂದ್‌ಬುಟ್ರು ಮೇಡಂ. ನನ್ ಮಗಳೇನ್ ತಪ್ಪು ಮಾಡಿದ್ಲು?”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದವಳು ನಾನೇ. ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೆ ಭೀಮನಬೀಡಿನ ಅವರ ಮನೆಗೆ ಹೋದೆ. ಕೂರು ಅನ್ನಲಿಲ್ಲ. ನಿಂತೇ ತಪ್ಪಾಯಿತು ಎಂದೆ.

ಅವರು ಹೇಳಿದರು: “ಗೌರಿನ ಕಳಿಸಿದ್ದು ತಪ್ಪೇ ಕಣವ್ವಾ. ಅದ್ಕೇ ಈ ಮಗಿನಾದ್ರೂ ಸೇರಿಸ್ಕೊಳನ ಅಂತಿದ್ದೆ. ನೀ ಅದ್ಕೂ ಕಲ್ಲಾಕ್‌ಬುಟ್ಟೆ.”

“ನನ್ ಮೇಲಿನ ಕೋಪ ನನ್ ಮೇಲೇ ತೀರಿಸ್ಕೊಳಿ ಸಾರ್” ಎಂದೆ.

ಜೂನಿನಲ್ಲಿ ನೂರ್‌ಜಹಾನ್ ಪುಟ್ಟಮಾದಪ್ಪನವರ ಶಾಲೆಯ ಮೊದಲ ಬೆಂಚಿನಲ್ಲಿ ಕೂತಳು. ನಾನು ತಪಾಸಣೆಗೆ ಹೋದಾಗಲೆಲ್ಲ ಅವರು ಕಡತ ಮುಂದಿಟ್ಟು ಹೊರಗೆ ಹೋಗುತ್ತಿದ್ದರು.

ನಾನು ಅವರನ್ನು ಕ್ಷಮಿಸಿಲ್ಲ. ಗೌರಿ ಇವತ್ತಿಗೂ ಹೆಬ್ಬೆಟ್ಟು ಒತ್ತುತ್ತಾಳೆ. ಕೆಲಸ ನನಗೆ ಕ್ಷಮೆ ಕಲಿಸಲಿಲ್ಲ. ಸೇಡು ತೀರಿಸಿಕೊಳ್ಳುವ ಮುಂಚೆ, ಆ ಮನುಷ್ಯನ ಕೈಯಲ್ಲಿ ಯಾವ ಮಗುವಿನ ಅಡ್ಮಿಷನ್ ಇದೆ ಎಂದು ನೋಡಿಕೊಳ್ಳುವುದನ್ನು ಕಲಿಸಿತು.