ಎಂಬಿಎ ಸೀಟಿಗೆ ಎರಡನೇ ಸುತ್ತು

…ಅಥವಾ ಅದು ಭಾನುವಾರವೇ ಅಲ್ಲ. ಭಾನುವಾರ ಎಂದೇ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ, ಏಕೆಂದರೆ ಶಿಡ್ಲಘಟ್ಟದ ಸೋದರಮಾವನ ಮನೆಗೆ ನಾನು ಹೋಗುವುದು ಭಾನುವಾರ. ಮೊಬೈಲಿನ ಕರೆಗಳ ಪಟ್ಟಿ ಮಾತ್ರ ಎಂಬಿಎ ಸೀಟಿನ ಆ ಕರೆ ಬಂದದ್ದು ಮಂಗಳವಾರ ಮಧ್ಯಾಹ್ನ ಎನ್ನುತ್ತದೆ. ಮಂಗಳವಾರ ನಾನು ಗೌರಿಬಿದನೂರಿನ ಕಾರ್ಖಾನೆಯಲ್ಲಿ ಇರಬೇಕು. ರಜೆ ಹಾಕಿದ್ದೆನೇ? ನೆನಪಿನಲ್ಲಿ ಮಾವ ಬನಿಯನ್ನಿನಲ್ಲಿ ಕೂತಿದ್ದಾರೆ, ಅವರ ಹಿಂದೆ ಫಿಲೇಚರಿನಲ್ಲಿ, ಅಂದರೆ ರೇಷ್ಮೆಗೂಡನ್ನು ಬೇಯಿಸಿ ನೂಲು ತೆಗೆಯುವ ಅವರ ಶೆಡ್ಡಿನಲ್ಲಿ, ಬಿಸಿನೀರಿನ ಹಬೆ ಏಳುತ್ತಿದೆ, ನನ್ನ ಕೈಯಲ್ಲಿ ಟೀ ಲೋಟ ಇದೆ. ನಾನು ಟೀ ಬಿಟ್ಟು ಆಗಲೇ ಒಂದು ವರ್ಷವಾಗಿತ್ತು. ಹಾಗಾಗಿ ಈ ನೆನಪಿನ ಲೋಟವನ್ನು ತೆಗೆದುಹಾಕುತ್ತೇನೆ. ಹಬೆ ಇರಲಿ. ಮಂಗಳವಾರ ಎಂದು ಇಟ್ಟುಕೊಳ್ಳುತ್ತೇನೆ.

ಮೊದಲಿಂದ ಹೇಳುವುದು ಉತ್ತಮ, ಅಲ್ಲಿ ದಾಖಲೆಗಳಿವೆ.

ನಾನು ಚಿಕ್ಕಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಗೌರಿಬಿದನೂರಿಗೆ ಹೋಗಿ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಹದಿನಾಲ್ಕು ವರ್ಷದಿಂದ ಸಹಾಯಕಿ. ಕಳೆದ ವರ್ಷ ನಮ್ಮ ಖರೀದಿ ಮ್ಯಾನೇಜರು ನಿವೃತ್ತರಾಗುವವರಿದ್ದರು. ಆ ಜಾಗ ನನಗೆ ಬೇಕಾಗಿತ್ತು. ಇದನ್ನು ಆಗ ಯಾರಿಗೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಕಾರ್ಖಾನೆಯ ಮುಖ್ಯಸ್ಥರು ಒಂದು ದಿನ ಕರೆದು ಹೇಳಿದರು:

“ಎಂಬಿಎ ಮುಗಿಸಿರಬೇಕು ಅಂತಿಲ್ಲಮ್ಮ. ಎಲ್ಲಾದರೂ ಸೇರಿದೀರಿ ಅಂತ ಒಂದು ಎನ್‌ರೋಲ್‌ಮೆಂಟ್ ನಂಬರ್ ತೋರಿಸಿ, ಸಾಕು. ತಿಂಗಳ ಕೊನೆಗೆ ಹೆಸರುಗಳು ಹೆಡ್ ಆಫೀಸಿಗೆ ಹೋಗ್ತವೆ. ಆಮೇಲೆ ಸೇರಿಸೋಕಾಗಲ್ಲ.”

ಆ ರಾತ್ರಿಯೇ, ಅಥವಾ ಮರುದಿನ, ಒಂದು ವೆಬ್‌ಸೈಟಿನಲ್ಲಿ ನನ್ನ ಹೆಸರು, ನಂಬರು ತುಂಬಿಸಿದೆ. ಮನೆಯಿಂದಲೇ ಓದುವ ಎಂಬಿಎಗಳು ದೇಶದಲ್ಲಿ ಎಷ್ಟಿವೆ ಎಂದು ನನಗೆ ಗೊತ್ತಿರಲಿಲ್ಲ. ಅವುಗಳಿಗೆಲ್ಲ ನಾನು ಗೊತ್ತಾದೆ. ಬಸ್ಸು ಮಂಚೇನಹಳ್ಳಿ ತಲುಪುವಷ್ಟರಲ್ಲಿ ನಾಲ್ಕು ಕರೆ ಬರುತ್ತಿದ್ದವು. ಪಕ್ಕದಲ್ಲಿ ಕೂರುತ್ತಿದ್ದ ಹೆಂಗಸರು ನನಗೆ ಏನೋ ಕೋರ್ಟ್ ಕೇಸಿದೆ ಎಂದುಕೊಂಡಿದ್ದರು.

ಸೋಸಿ ಸೋಸಿ ಎರಡು ಉಳಿದವು. ಹೆಸರು ಬರೆಯುವುದಿಲ್ಲ. ಒಂದರ ವಿಶ್ವವಿದ್ಯಾಲಯ ಬೇರೆ ರಾಜ್ಯದ್ದು, ಅದನ್ನು ದೂರದ್ದು ಎನ್ನೋಣ. ಇನ್ನೊಂದರದು ಬೆಂಗಳೂರಿನ ಕಡೆಯದು, ಅದು ಹತ್ತಿರದ್ದು. ಎರಡೂ ಮೊಬೈಲಿನೊಳಗೇ ಇದ್ದವು. ದೂರದ್ದರಲ್ಲಿ ಪರೀಕ್ಷೆಯನ್ನೂ ಮನೆಯಲ್ಲೇ ಕ್ಯಾಮೆರಾ ಎದುರು ಬರೆಯಬಹುದು, ಆದರೆ ದಾಖಲೆ ಪರಿಶೀಲಿಸಿ ನಂಬರು ಕೊಡಲು ಒಂದು ವಾರ ಬೇಕು. ಹತ್ತಿರದ್ದರಲ್ಲಿ ಶನಿವಾರ ಸಂಜೆ ನೇರ ಪಾಠ, ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕು, ಆದರೆ ಫೀಸು ಕಟ್ಟಿದ ದಿನವೇ ನಂಬರು. ನನಗೆ ಎರಡೂ ಒಂದೇ ಥರ ಕಂಡವು. ಎರಡರ ಮುಖಪುಟದಲ್ಲೂ ಲ್ಯಾಪ್‌ಟಾಪ್ ನೋಡಿ ನಗುತ್ತಿರುವ ಹುಡುಗಿ ಇದ್ದಳು. ಒಬ್ಬಳೇ ಹುಡುಗಿ ಎಂದು ನನಗೆ ಈಗಲೂ ಅನುಮಾನ.

ಹದಿನಾಲ್ಕು ವರ್ಷ ಕಾರ್ಖಾನೆಗೆ ನಟ್ಟು, ಬೋಲ್ಟು, ರಟ್ಟಿನ ಡಬ್ಬ ಕೊಂಡವಳು ನನಗಾಗಿ ಒಂದನ್ನು ಆರಿಸಬೇಕಾದಾಗ ಮಾವನ ಬಳಿ ಹೋದೆ. ನಮ್ಮ ಮನೆತನದಲ್ಲಿ ಸ್ಕೂಟರ್ ಆಗಲಿ ಸಂಬಂಧ ಆಗಲಿ, ಎರಡರಲ್ಲಿ ಒಂದು ಎಂದಾಗ ಎಲ್ಲರೂ ಅವರ ಬಳಿಗೇ ಹೋಗುತ್ತಾರೆ. ಅವರು ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ನಿಂತು ರೇಷ್ಮೆಗೂಡು ಕೊಂಡವರು. ತಟ್ಟೆಯ ಮೇಲಿನ ಗೂಡನ್ನು ಅವರು ನೋಡುವುದಿಲ್ಲ. ತಳಕ್ಕೆ ಕೈ ತೂರಿಸಿ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ, ಒಂದನ್ನು ಸೀಳಿ ಒಳಗಿನ ಹುಳ ನೋಡುತ್ತಾರೆ.

ನನ್ನ ಮೊಬೈಲನ್ನು ತಿರುಗಿಸಿ ಮುರುಗಿಸಿ ನೋಡಿ ಮಾವ ಹೇಳಿದರು:

“ಇವರು ನಗ್ತಾ ಇದ್ದಾರಲ್ಲ, ಇವರೆಲ್ಲ ಮೇಲ್ಗಡೆ ಜೋಡಿಸಿರೋ ಗೂಡು. ಕೈ ತಳಕ್ಕೆ ಹಾಕಮ್ಮ.”

“ತಳ ಎಲ್ಲಿದೆ ಮಾವ? ಇದು ವೆಬ್‌ಸೈಟು.”

“ಅರ್ಧಕ್ಕೆ ಬಿಟ್ಟೋರು ಇರ್ತಾರಲ್ಲ, ಅವರೇ ತಳ. ಒಬ್ಬರ ನಂಬರ್ ಕೇಳು.”

ಕೇಳಿದೆ. ಹತ್ತಿರದ್ದರಿಂದ ನನಗೆ ಕರೆ ಮಾಡುತ್ತಿದ್ದ ಹುಡುಗಿ, ಸೀನಿಯರ್ ಹತ್ತಿರ ಕೇಳಿ ಹೇಳ್ತೀನಿ ಮ್ಯಾಮ್ ಎಂದಳು. ದೂರದ್ದರ ಹುಡುಗ, ನಮ್ಮಲ್ಲಿ ಇದುವರೆಗೆ ಯಾರೂ ಬಿಟ್ಟಿಲ್ಲ ಮ್ಯಾಮ್ ಎಂದ.

“ಯಾರೂ ಬಿಟ್ಟಿಲ್ಲ ಅಂದ್ರೆ ಯಾರೂ ಸೇರಿಲ್ಲ ಅಂತ,” ಎಂದರು ಮಾವ.

ತಳವನ್ನು ಕೊನೆಗೆ ಅವರೇ ಹುಡುಕಿದರು. ಕೈವಾರದ ಕಡೆಯಿಂದ ಗೂಡು ತರುವ ಒಬ್ಬ ರೈತರ ಅಳಿಯ ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಅವನು ಹತ್ತಿರದ್ದಕ್ಕೆ ಸೇರಿ ಅರ್ಧಕ್ಕೆ ಬಿಟ್ಟಿದ್ದಾನೆ ಎಂದು ಎರಡೇ ದಿನದಲ್ಲಿ ಮಾರುಕಟ್ಟೆಯಲ್ಲಿ ಗೊತ್ತಾಯಿತು. ನಾನೂ ಮಾವನೂ ಬಸ್ಸು ಹತ್ತಿ ಚಿಂತಾಮಣಿಗೆ ಹೋದೆವು. ಇದು ಭಾನುವಾರವೇ, ಟಿಕೆಟ್ಟು ಇನ್ನೂ ಪರ್ಸಿನಲ್ಲಿದೆ.

ಅವನು ಖಾಲಿ ಕ್ರೇಟುಗಳ ನಡುವೆ ಕುರ್ಚಿ ಹಾಕಿ ಕೂರಿಸಿದ. ಅವನೂ ಮಾವನೂ ಮೊದಲು ತೆಲುಗಿನಲ್ಲಿ ಮಳೆ, ಟೊಮೆಟೊ, ಗೂಡು ಮುಗಿಸಿ ಆಮೇಲೆ ನನಗಾಗಿ ಕನ್ನಡಕ್ಕೆ ಬಂದರು.

“ಪಾಠ ಚೆನ್ನಾಗೇ ಇತ್ತು ಅಕ್ಕ. ಸುಳ್ಳು ಹೇಳಬಾರದು. ಆದ್ರೆ ನಾನು ಬೆಳಿಗ್ಗೆ ಮೂರಕ್ಕೆ ಎದ್ದು ಮಂಡಿಗೆ ಬರೋನು. ಶನಿವಾರ ಸಂಜೆ ಕ್ಯಾಮೆರಾ ಆನ್ ಮಾಡ್ಕೊಂಡು ಕೂತ್ರೆ ನಿದ್ದೆ.”

“ಬಯ್ಯಲಿಲ್ವೇನಪ್ಪ?” ಎಂದರು ಮಾವ.

“ಇಲ್ಲ ಯಜಮಾನ್ರೇ. ಒಂದಿನ ಎಚ್ಚರ ಆಗಿ ನೋಡ್ತೀನಿ, ಎಲ್ಲಾ ಹೋಗಿದ್ದಾರೆ, ಸ್ಕ್ರೀನಲ್ಲಿ ನಾನೊಬ್ಬನೇ. ‘ಅವರನ್ನ ಎಬ್ಬಿಸಬೇಡಿ, ದಣಿದಿದ್ದಾರೆ’ ಅಂತ ಮೇಷ್ಟ್ರು ಚಾಟಲ್ಲಿ ಬರೆದಿದ್ರು. ನಾಚ್ಕೆ ಆಯ್ತು. ಬಿಟ್ಬಿಟ್ಟೆ.”

“ಇದ್ದಷ್ಟರಲ್ಲಿ ಕಲಿತಿದ್ದು ಒಂದು ಹೇಳು,” ಎಂದು ಮಾವನೇ ಮತ್ತೆ ಕೇಳಿದರು.

ಅವನು ಯೋಚಿಸಿದ. ಸರಕು ತೋಟದಿಂದ ಅಂಗಡಿಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ನಿಂತು ಕೆಡುತ್ತದೆ ಎಂದು ಚಿತ್ರ ಬರೆಯುವುದನ್ನು ಕಲಿಸಿದ್ದರಂತೆ. ಬಿಲ್ಲಿನ ಹಿಂದುಗಡೆ ಪೆನ್ನಿನಲ್ಲಿ ಬರೆದು ತೋರಿಸಿದ. ಚೆನ್ನಾಗಿತ್ತು. ನಾನು ಆ ಚೀಟಿಯನ್ನು ಕೇಳಿ ಪಡೆದು ಆಫೀಸಿನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡೆ.

ವಾಪಸು ಬರುವಾಗ ಮಾವ ತೀರ್ಪು ಕೊಟ್ಟರು. “ಗೂಡು ಗಟ್ಟಿ. ಒಳಗಿನ ಹುಳ ಮಲಗಿದೆ, ಅಷ್ಟೇ. ಇದೇ ತಗೋ.”

ಇಲ್ಲಿಗೇ ಫೀಸು ಕಟ್ಟಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ತಿಂಗಳು ಮುಗಿಯಲು ಆರು ದಿನ ಇತ್ತು.

ನಾನು ಕಟ್ಟಲಿಲ್ಲ, ಏಕೆಂದರೆ ಮಾವ ತಡೆದರು. ಅವರ ವ್ಯಾಪಾರದಲ್ಲಿ ಗೂಡು ಹಿಡಿಸಿದ ಮೇಲೂ ಮೊದಲ ಸುತ್ತಿನ ಹರಾಜಿನಲ್ಲಿ ಯಾರೂ ಕೈ ಬಿಚ್ಚಿ ಕೂಗುವುದಿಲ್ಲ. ಬೆಲೆ ಸಾಲದು ಎನಿಸಿದರೆ ರೈತ ಒಪ್ಪದೆ ಎರಡನೇ ಸುತ್ತಿಗೆ ಕಾಯಬಹುದು. ಆದರೆ ಗೂಡು ಕಾಯುವುದಿಲ್ಲ, ದಿನ ಕಳೆದರೆ ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದು ಹೊರಗೆ ಬರುತ್ತದೆ. ಹಾಗಾಗಿ ಎರಡನೇ ಸುತ್ತಿನಲ್ಲಿ ರೈತ ಸ್ವಲ್ಪ ಬಗ್ಗುತ್ತಾನೆ. ಮಾವನ ಜೀವನ ನಡೆದದ್ದು ಇದರ ಮೇಲೆ.

ಈಗ ಮಂಗಳವಾರ. ಹತ್ತಿರದ್ದರ ಹುಡುಗಿ ಕರೆ ಮಾಡಿದಳು. ಮಾವನ ಶೆಡ್ಡಿನಲ್ಲಿ ಮೊಬೈಲು ಗೂಡಿನ ತಟ್ಟೆಯ ಅಂಚಿನಲ್ಲಿತ್ತು, ಸ್ಪೀಕರ್ ಹಾಕಿತ್ತು.

“ಮ್ಯಾಮ್, ಇವತ್ತೇ ಲಾಸ್ಟ್ ಡೇಟ್. ಸಂಜೆ ಆರಕ್ಕೆ ಪೋರ್ಟಲ್ ಕ್ಲೋಸ್ ಆಗುತ್ತೆ.”

“ಹೋದ ವಾರಾನೂ ಇವತ್ತೇ ಲಾಸ್ಟ್ ಅಂದಿದ್ರಿ,” ಎಂದೆ. ಅಂದದ್ದು ನಿಜ. ಅದರ ಹಿಂದಿನ ವಾರವೂ ಅಂದಿದ್ದಳು.

“ಅದು ಎಕ್ಸ್‌ಟೆಂಡ್ ಆಗಿತ್ತು ಮ್ಯಾಮ್. ಇನ್ನು ಆಗಲ್ಲ.”

ಮಾವ ಬಗ್ಗಿ ಮೊಬೈಲಿಗೆ ಮಾತಾಡಿದರು. “ಏನಮ್ಮ, ಊಟ ಆಯ್ತಾ?”

“ಆಯ್ತು ಸರ್. ತಾವು ಯಾರು?”

“ಮಾವ. ಫೀಸಲ್ಲಿ ಏನು ಬಿಡ್ತೀರಿ?”

“ಸರ್, ಅದು ಫಿಕ್ಸೆಡ್.”

“ಸರಿ ಸರಿ. ಈಗ ಬೇಡ, ಎರಡನೇ ಸುತ್ತಲ್ಲಿ ನೋಡಣ.”

“ಸುತ್ತು ಅಂದ್ರೆ ಸರ್?”

“ನಿಮಗೆ ಗೊತ್ತಾಗ್ತದೆ ಬಿಡಮ್ಮ.”

ಕರೆ ಕಟ್ಟಾಯಿತು. ಕೆಂಪು ಗುಂಡಿಯನ್ನು ಒತ್ತಿದವರು ಮಾವ ಎಂದು ನಾನು ಮನೆಯಲ್ಲಿ ಹೇಳಿದೆ. ನೆಟ್‌ವರ್ಕ್ ಹೋಯಿತು ಎಂದು ಆಫೀಸಿನಲ್ಲಿ ಹೇಳಿದೆ. ಮಾವನ ಎರಡೂ ಕೈ ಒದ್ದೆಯಾಗಿದ್ದವು ಎಂದು ನೆನಪು. ಒದ್ದೆ ಬೆರಳಿಗೆ ನನ್ನ ಮೊಬೈಲು ಸ್ಪಂದಿಸುವುದಿಲ್ಲ. ಅಂದಮೇಲೆ ಒತ್ತಿದವಳು ನಾನು.

“ಮಾವ, ಅದು ನಿಜವಾಗ್ಲೂ ಕೊನೇ ದಿನ ಆಗಿದ್ರೆ?”

“ಸೀಟು ಇವತ್ತು ಹೋಗಲಿಲ್ಲಾಂದ್ರೆ ಅವರ ಹತ್ರಾನೇ ತಾನೇ ಕೊಳೆಯೋದು? ಸಂಜೆ ಐದಕ್ಕೆ ಅವಳೇ ಮಾಡ್ತಾಳೆ, ನೋಡ್ತಿರು.”

ಕಾಲೇಜಿನ ಸೀಟು ರೇಷ್ಮೆಗೂಡಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಹೇಳಲೂ ಬಹುದಿತ್ತು. ಆದರೆ ಮೂರು ವಾರಗಳಲ್ಲಿ ಆ ಹುಡುಗಿ ನನಗೆ ಮಾಡಿದ ಕರೆಗಳನ್ನು ನೆನೆಸಿಕೊಂಡರೆ ಮಾವ ಹೇಳಿದ್ದು ಲೆಕ್ಕಕ್ಕೆ ಸರಿಯಾಗಿತ್ತು. ಐದಾಯಿತು. ಆರಾಯಿತು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ನನ್ನ ಮೊಬೈಲು ಸದ್ದು ಮಾಡಲಿಲ್ಲ. ಏಳಕ್ಕೆ ಮಾವ, “ಚಾರ್ಜ್ ಇದೆಯೇನಮ್ಮ ಅದರಲ್ಲಿ?” ಎಂದರು. ಇತ್ತು.

ಬುಧವಾರ ಬೆಳಿಗ್ಗೆ ಬಸ್ಸಿನಿಂದ ನಾನೇ ಮಾಡಿದೆ. ಮೂರನೇ ಸಲಕ್ಕೆ ಎತ್ತಿದಳು.

“ಮ್ಯಾಮ್, ನಾನು ನಿನ್ನೆ ಹೇಳಿದ್ನಲ್ಲ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ಬ್ಯಾಚು ಆರು ತಿಂಗಳಿಗೆ, ನಿಮ್ಮ ಹೆಸರು ಬರ್ಕೊಳ್ಳಲಾ ಎಂದು ಕೇಳಿದಳು. ಬೇಡ ಎಂದೆ.

ಮಂಚೇನಹಳ್ಳಿ ದಾಟುವಷ್ಟರಲ್ಲಿ ದೂರದ್ದಕ್ಕೆ ಫೀಸು ಕಟ್ಟಿ ಮುಗಿಸಿದ್ದೆ. ಅವರು ಹೇಳಿದಂತೆಯೇ ಒಂದು ವಾರ ತೆಗೆದುಕೊಂಡರು. ನಂಬರು ಬಂದಾಗ ಹೆಸರುಗಳು ಹೆಡ್ ಆಫೀಸಿಗೆ ಹೋಗಿ ನಾಲ್ಕು ದಿನ ಆಗಿತ್ತು. ಮುಖ್ಯಸ್ಥರಿಗೆ ನಂಬರು ತೋರಿಸಿದೆ. “ಒಳ್ಳೇದಾಯ್ತಮ್ಮ, ಓದಿ,” ಎಂದರು.

ಖರೀದಿ ಮ್ಯಾನೇಜರಾಗಿ ಬೇರೆ ಊರಿನ ಕಾರ್ಖಾನೆಯಿಂದ ಒಬ್ಬರು ಬಂದರು. ಇಂಜಿನಿಯರಿಂಗ್ ಓದಿದವರಂತೆ. ಎಂಬಿಎ ಇದೆಯೋ ಇಲ್ಲವೋ, ಅವರಾಗಿ ಹೇಳಿಲ್ಲ. ಗಾಜಿನ ಕೆಳಗಿನ ಟೊಮೆಟೊ ಚಿತ್ರ ನೋಡಿ, ಇದು ಯಾರು ಬರೆದದ್ದು, ಚೆನ್ನಾಗಿದೆ ಎಂದರು. ಮಂಡಿಯ ವಿಷಯ ಹೇಳಲಿಲ್ಲ. ನಾನೇ ಬರೆದದ್ದು ಎಂದೆ. ಇದು ಈ ಬರಹದಲ್ಲಿ ನಾನು ಖಚಿತವಾಗಿ ಹೇಳಬಲ್ಲ ಸುಳ್ಳು.

ಮಾವ ಕ್ಷಮಿಸು ಎನ್ನಲಿಲ್ಲ, ನಾನೂ ನಿರೀಕ್ಷಿಸಿರಲಿಲ್ಲ. ಆದರೆ ಯುಗಾದಿಗೆ ಹೋದಾಗ ಚಿಕ್ಕಮ್ಮನ ಮಗ ಎರಡು ಫ್ರಿಜ್ಜುಗಳ ಫೋಟೋ ಹಿಡಿದು ಬಂದಿದ್ದ. ಮಾವ ಎರಡನ್ನೂ ನೋಡಿ ಮೊಬೈಲನ್ನು ವಾಪಸು ಕೊಟ್ಟರು.

“ನನ್ನ ಕೇಳಬೇಡಪ್ಪ. ಅಂಗಡಿಯವರನ್ನೇ ಕೇಳು.”

ಅಡುಗೆಮನೆಯಲ್ಲಿ ಯಾರೋ ನಕ್ಕರು. ಮಾವ ನಗಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

ಈಗ ಮೂರನೇ ಸೆಮಿಸ್ಟರ್. ಪರೀಕ್ಷೆಯ ದಿನ ಬಾಗಿಲು ಹಾಕಿ, ಗೋಡೆಯ ಕ್ಯಾಲೆಂಡರ್ ತೆಗೆದಿಟ್ಟು, ಕ್ಯಾಮೆರಾ ಎದುರು ಮೂರು ಗಂಟೆ ಕೂರುತ್ತೇನೆ. ಕಣ್ಣು ಆಚೀಚೆ ಹೋದರೆ ಎಚ್ಚರಿಕೆ ಬರುತ್ತದೆ. ಪಾಠ ಪರವಾಗಿಲ್ಲ. ಹತ್ತಿರದ್ದರ ಪಾಠ ಇದಕ್ಕಿಂತ ಚೆನ್ನಾಗಿರುತ್ತಿತ್ತೇ ಎಂದು ಮಾವ ಒಮ್ಮೆ ಕೇಳಿದರು. ಇಲ್ಲ ಎಂದೆ. ಯಾವ ಆಧಾರದ ಮೇಲೆ ಹೇಳಿದೆನೋ.

ಪಟ್ಟಿಯಲ್ಲಿ ನನ್ನ ಹೆಸರು ಹೋಗಿದ್ದರೂ ಆ ಜಾಗ ನನಗೆ ಸಿಗುತ್ತಿತ್ತೇ ಎಂಬುದು ನನಗೆ ಗೊತ್ತಿಲ್ಲ. ಹೋದ ಹೆಸರುಗಳು ಎಷ್ಟು, ಅವನ್ನು ಹೆಡ್ ಆಫೀಸಿನಲ್ಲಿ ಯಾರಾದರೂ ಓದಿದರೇ, ಹೊರಗಿನವರನ್ನು ತರುವುದು ಮೊದಲೇ ತೀರ್ಮಾನವಾಗಿತ್ತೇ, ಇದು ಯಾವುದನ್ನೂ ನಾನು ಕೇಳಲಿಲ್ಲ. ಮುಖ್ಯಸ್ಥರು ಈಗಲೂ ಅದೇ ಕೋಣೆಯಲ್ಲಿ ಕೂರುತ್ತಾರೆ. ಬಾಗಿಲು ತೆರೆದೇ ಇರುತ್ತದೆ.