ಮಾವನವರ ತೇಗದ ಪಟ್ಟಿ

ಬೀದಿಯವರು ಆ ಬಡಗಿಗೆ ವಾಷರಣ್ಣ ಎಂದು ಹೆಸರಿಟ್ಟಿದ್ದರು. ಮೇಜು ಕುಂಟಿದರೆ ಕಾಲಡಿಗೊಂದು ವಾಷರ್, ಬಾಗಿಲು ಉಜ್ಜಿದರೆ ತಿರುಗಣಿಗೊಂದು ವಾಷರ್. ಯಾರಿಗೂ ಎದುರು ಮಾತಾಡಿದವನಲ್ಲ.

ಅಂಥವನ ಬ್ಯಾಂಡ್‌ಸಾ ಮಷಿನ್ ಹಟ ಹಿಡಿಯಿತು. ಮೇಲೊಂದು, ಕೆಳಗೊಂದು ಚಕ್ರ. ಎರಡನ್ನೂ ಸುತ್ತಿ ಓಡಬೇಕಾದ ಗರಗಸದ ಬ್ಲೇಡು ಮತ್ತೆ ಮತ್ತೆ ಕಳಚಿಕೊಳ್ಳುತ್ತಿತ್ತು. ಸುದ್ದಿ ತಿಳಿದು ಹೆಂಡತಿಯ ತಂದೆ ಬಂದಿಳಿದರು. ಅವರೂ ಹಳೇ ಬಡಗಿ.

"ಎರಡೂ ಚಕ್ರ ಒಂದೇ ನೇರಕ್ಕೆ ಬರೋವರೆಗೂ ನಾನು ಇಲ್ಲಿಂದ ಕದಲೋನಲ್ಲ, ಅಳಿಯಂದ್ರೇ!"

ಮಾವನ ಗೊರಕೆಗೆ ಮಾಡಿನ ತಗಡು ನಡುಗುತ್ತಿತ್ತು. ಊಟಕ್ಕೆ ಕೂತರೆ ಅಳಿಯನೇ ಮಾಡಿದ ಮೇಜಿನಲ್ಲಿ ತುತ್ತಿಗೊಂದು ತಪ್ಪು ಹುಡುಕುತ್ತಿದ್ದರು. ಚಕ್ರ ನೇರವಾದರೆ ಮಾತ್ರ ಬಿಡುಗಡೆ.

ಮಗಳ ಮದುವೆಗೆ ಮಾವನೇ ಹೆರೆದು ಉಡುಗೊರೆ ಕೊಟ್ಟಿದ್ದ, ನೇರ ನೋಡುವ ಉದ್ದನೆಯ ತೇಗದ ಪಟ್ಟಿಯನ್ನು ಅಳಿಯ ಚಕ್ರಗಳ ಅಂಚಿಗೆ ಆನಿಸಿದ. ಕೆಳಗಿನದಕ್ಕೆ ಕೂತಿತು, ಮೇಲಿನದರಲ್ಲಿ ಸಂದು. ಆ ಚಕ್ರದ ಹಿಂದೆ ವಾಷರ್ ತೂರಿಸಿದ. ಪಟ್ಟಿ ಎರಡಕ್ಕೂ ಅಂಟಿತು. ಮಷಿನ್ ಹಾಕಿದರೆ ಬ್ಲೇಡು ಲಟಕ್ಕನೆ ಕಳಚಿತು! ಮರುದಿನ ಅದೇ ಪಟ್ಟಿಯನ್ನು ತಲೆಕೆಳಗಾಗಿ ಹಿಡಿದಾಗ ಸಂದು ಬೇರೆಯೇ ಕಡೆ ಕಾಣಿಸಿತು. ಅವನಿಗೆ ಅರ್ಥವಾಯಿತು: ಸೊಟ್ಟಗಿರುವುದು ಪಟ್ಟಿ. ಹೇಳುವವರಾರು? ಹೇಳಿದರೆ ಮಾವ ಮುನಿಯುತ್ತಾರೆ, ಹೇಳದಿದ್ದರೆ ಹೋಗುವುದಿಲ್ಲ. ಬಾಯಿ ಹೊಲಿದುಕೊಂಡು ಕೂತ.

ಹೆಂಡತಿಗೆ ಅಂಥ ದಾಕ್ಷಿಣ್ಯವಿರಲಿಲ್ಲ. ಪಟ್ಟಿಯನ್ನು ನೆಲದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದಳು, ಅದನ್ನು ಮಗುಚಿ ಮತ್ತೊಂದು ಗೆರೆ ಎಳೆದಳು. ಗೆರೆಗಳೆರಡೂ ಜೊತೆಯಾಗಿ ಹೊರಟು ಕೊನೆಯಲ್ಲಿ ಮೊಸಳೆಯಂತೆ ಬಾಯಿ ತೆರೆದವು.

"ಅಪ್ಪಾ, ನಿನ್ನ ಪಟ್ಟಿನೇ ಸೊಟ್ಟ."

"ನೆಲ ಸೊಟ್ಟ ಇರ್ಬೇಕು ಕಣೇ."

"ಕುಣಿಯೋಕೆ ಬಾರದವಳೂ ಹಿಂಗೇ ಅಂದ್ಲಂತೆ!"

ಮಾವ ಒಂದು ಕಣ್ಣು ಮುಚ್ಚಿ ಪಟ್ಟಿಯುದ್ದಕ್ಕೂ ನೋಡಿದರು. ಮುಖ ಹುಳ್ಳಗಾಯಿತು. ಅಳಿಯನಿಗೆ ತಡೆಯಲಾಗಲಿಲ್ಲ.

"ನೀವು ಕೊಟ್ಟಾಗ ನೆಟ್ಟಗೇ ಇತ್ತು ಮಾವ. ಇಲ್ಲಿನ ಹವಾಕ್ಕೆ ಬಾಗಿರುತ್ತೆ."

ಮಾವ ವಾಷರ್ ತೆಗೆದು, ಪಟ್ಟಿಯ ಬದಲು ದಾರ ಬಿಗಿಯಾಗಿ ಎಳೆದು ಹಿಡಿದು, ಚಕ್ರಗಳನ್ನು ಒಂದೇ ನೇರಕ್ಕೆ ತಂದರು. ಬ್ಲೇಡು ಗುಂಯ್ ಎಂದು ಓಡಿತು. ಅಳಿಯ ಸಂತೋಷದಿಂದ ಬಸ್ಸಿನ ಸಮಯ ಹೇಳಿದ.

"ಬಸ್ಸೇ? ಚೆನ್ನಾಗಿದೆ!" ಎಂದರು ಮಾವ. "ಇಲ್ಲಿನ ಹವಾಕ್ಕೆ ತೇಗವೇ ಬಾಗಿದೆ ಅಂದ್ರೆ ಬಾಗಿಲು, ಮಂಚ, ಕಪಾಟು ಏನಾಗಿರ್ಬೇಡ? ಎಲ್ಲಾನೂ ಬಿಚ್ಚಿ ನೋಡಿಬಿಡೋಣ. ಎಷ್ಟು ತಿಂಗಳಾದ್ರೂ ಚಿಂತೆಯಿಲ್ಲ."

ಹೆಂಡತಿ ಗಂಡನತ್ತ ತಿರುಗಿ ಬೈಯಲು ಬಾಯಿ ತೆರೆದಳು. ಅವನು ಗುಂಯ್‌ಗುಡುತ್ತಿದ್ದ ಮಷಿನ್ ನಿಲ್ಲಿಸಲೇ ಇಲ್ಲ.