ಕೂತು ಕೇಳುವವಳನ್ನು ಹುಡುಕಿ ದುಬೈಗೆ

ಕೆಂಪು ಸಿಮೆಂಟಿನ ನೆಲದ ಮೇಲೆ ಮರದ ಸ್ಟೂಲು ಎಳೆಯುವ 'ಕರ್‌ರ್' ಎಂಬ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಬೆಳಿಗ್ಗೆ ಆರೂವರೆಗೆ ಹೆಂಗಸರ ವಾರ್ಡಿನಲ್ಲಿ ಅದು ಕೇಳಿತೆಂದರೆ ಸಿಸ್ಟರ್ ಬೆನೆಡಿಕ್ಟಾ ರೌಂಡ್ಸ್ ಶುರುಮಾಡಿದರು ಎಂದರ್ಥ. ಕುಂದಾಪುರದಿಂದ ಭಟ್ಕಳಕ್ಕೆ ಹೋಗುವ ದಾರಿಯ ನಮ್ಮ ಮಿಷನ್ ಆಸ್ಪತ್ರೆಯಲ್ಲಿ ಎರಡು ಮಂಚಕ್ಕೊಂದು ಸ್ಟೂಲು. ನಿಂತುಕೊಂಡು ರೋಗಿಯನ್ನು ಮಾತಾಡಿಸುವಂತಿಲ್ಲ. "ಸಿಟ್ ಫಸ್ಟ್, ದೆನ್ ಆಸ್ಕ್" ಎಂಬುದು ಸಿಸ್ಟರರ ರೂಲು. ಅಲ್ಲಿ ಮೂವತ್ತು ವರ್ಷ ನರ್ಸಿಂಗ್ ಟ್ಯೂಟರ್ ಆಗಿದ್ದ ನಾನು ಹುಡುಗಿಯರಿಗೆಲ್ಲ ಮೊದಲ ದಿನ ಕಲಿಸಿದ್ದು ಅದನ್ನೇ.

ಕೊನೆಗೆ ಅಲ್ಲಿ ಉಳಿದಿದ್ದ ಸನ್ಯಾಸಿನಿಯರು ಮೂವರೇ ಸಿಸ್ಟರುಗಳು. ಮೂವರಿಗೂ ಎಂಬತ್ತು ದಾಟಿತ್ತು. ಹೊಸದಾಗಿ ಕಾನ್ವೆಂಟಿಗೆ ಸೇರುವವರಿಲ್ಲ. ಹಾಗಾಗಿ ಆಸ್ಪತ್ರೆಯನ್ನು ನಮ್ಮಂಥ ಮನೆಮಕ್ಕಳಿರುವವರ ಕೈಗೆ, ಲೇ ಲೀಡರ್ಸ್ ಕೈಗೆ ಒಪ್ಪಿಸಬೇಕೆಂದು ಅದಕ್ಕೆ ತಯಾರು ಮಾಡುವ ಎರಡು ವರ್ಷದ ಫಾರ್ಮೇಶನ್ ಕೋರ್ಸ್ ನಡೆಸಿದೆವು. ಕೊನೆಯವರೆಗೆ ಉಳಿದವರು ಏಳು ಜನ, ಎಲ್ಲರೂ ನನ್ನ ಹಳೆಯ ವಿದ್ಯಾರ್ಥಿನಿಯರು, ಎಲ್ಲರೂ ದುಬೈ, ಅಬುಧಾಬಿಯಿಂದ ಫೋನಿನಲ್ಲೇ ಪಾಠ ಕೇಳಿದವರು. ಅವರಲ್ಲಿ ಒಬ್ಬಳಾದರೂ ಬಂದು ಆಸ್ಪತ್ರೆ ವಹಿಸಿಕೊಳ್ಳದಿದ್ದರೆ ಕಟ್ಟಡವನ್ನು ಸ್ಕ್ಯಾನಿಂಗ್ ಸೆಂಟರಿನವರಿಗೆ ಕೊಡುವುದೆಂದು ಸಿಸ್ಟರುಗಳ ಸಂಘದ ಮುಖ್ಯಸ್ಥೆ ಮದರ್ ಜನರಲ್ ಬರೆದಿದ್ದರು. ಸಿಸ್ಟರ್ ಬೆನೆಡಿಕ್ಟಾ ಆಗಲೇ ಆಕ್ಸಿಜನ್ ಹಚ್ಚಿಕೊಂಡು ಅದೇ ವಾರ್ಡಿನಲ್ಲಿ ಮಲಗಿದ್ದರು. "ಯು ಗೋ," ಎಂದರು ನನಗೆ. "ಲವೀನಾಳನ್ನು ಕೇಳು." ಆ ಏಳು ಜನರಲ್ಲಿ ಅವಳೊಬ್ಬಳು, ದುಬೈಯಲ್ಲಿ ನರ್ಸು.

ಸೆಪ್ಟೆಂಬರಿನ ಒಂದು ಶುಕ್ರವಾರ ಮಂಗಳೂರಿನಿಂದ ಹೊರಟೆ. ಹಾರಾಟ ಮೂರೂವರೆ ಗಂಟೆ. ಹೋಗಿಬರುವ ಟಿಕೆಟಿಗೆ ಇಪ್ಪತ್ತಾರು ಸಾವಿರ. ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಹೆಚ್ಚಿದ್ದದ್ದು ಕೋರಿರೊಟ್ಟಿಯ ಪ್ಯಾಕೆಟು ಮತ್ತು ಹಲಸಿನ ಹಪ್ಪಳ. ದುಬೈ ಏರ್‌ಪೋರ್ಟಿನ ತಂಪಿನಿಂದ ಹೊರಗೆ ಕಾಲಿಟ್ಟದ್ದೇ ಕನ್ನಡಕದ ಮೇಲೆ ಆವಿ ಕೂತು ಏನೂ ಕಾಣಲಿಲ್ಲ. ಒರೆಸಿಕೊಂಡಾಗ ಎದುರಿಗೆ ಲವೀನಾ. ಹಣೆಯ ಬಳಿ ನರೆ ಬಂದಿತ್ತು.

"ಟೀಚರ್, ನೀವು ಇಷ್ಟು ಗಿಡ್ಡ ಇದ್ದದ್ದಾ? ಕ್ಲಾಸಲ್ಲಿ ಇಷ್ಟೆತ್ತರ ಕಾಣ್ತಿತ್ತು ನಮಗೆ."

"ಆಗ ನೀನು ಹೆದರಿಕೊಂಡು ಕೂತಿದ್ದೆ ಮಾರಾಯ್ತಿ, ಅದಕ್ಕೆ," ಎಂದೆ.

ಅಲ್ ಬರ್ಷಾದಲ್ಲಿ ಅವಳ ಮನೆ, ಹನ್ನೊಂದನೇ ಮಹಡಿ. ಗಂಡ ವಿಲ್ಸನ್ ಜುಮೇರಾ ಲೇಕ್ ಟವರ್ಸ್‌ನ ಆಫೀಸೊಂದರಲ್ಲಿ ಅಕೌಂಟೆಂಟ್. ಒಂಬತ್ತು ವರ್ಷದ ಮಗಳು ರಿಯಾ. ನಾನು ಕನ್ನಡದಲ್ಲಿ ಏನು ಕೇಳಿದರೂ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. "ಊರಿಗೆ ಬರ್ತೀಯಾ?" ಎಂದೆ. "ಫಾರ್ ಹೌ ಮೆನಿ ಡೇಸ್?" ಎಂದಳು. ವಿಲ್ಸನ್ ನಕ್ಕರು, ಲವೀನಾ ನಗಲಿಲ್ಲ. ಸಾರು ಬಿಸಿ ಮಾಡಲು ಎದ್ದು ಹೋದಳು.

ಮರುದಿನ ಶನಿವಾರ, ಏಳೂ ಜನ ಅಬುಧಾಬಿಯಲ್ಲಿ ಸೇರುವುದೆಂದಿತ್ತು. ಮೆಟ್ರೋದಲ್ಲಿ ಇಬ್ನ್ ಬತೂತಾ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ಇಪ್ಪತ್ತೈದು ದಿರಮ್ ಕೊಟ್ಟು ಬಸ್ಸು ಹಿಡಿದೆವು. ಒಂದೂವರೆ ಗಂಟೆಯ ದಾರಿ. ಎರಡು ಬದಿಗೂ ಮರಳು, ನಡುವೆ ಪೈಪಿನ ನೀರು ಕುಡಿದು ಬದುಕಿರುವ ಖರ್ಜೂರದ ಸಾಲು. ಚರ್ಚಿನ ಹಿಂದಿನ ಕೋಣೆಯಲ್ಲಿ ನಮ್ಮ ಕ್ಲಾಸು. ಹಲವರು ನೈಟ್ ಡ್ಯೂಟಿ ಮುಗಿಸಿ ನೇರ ಬಂದವರು. ನಾನೋ ಹಳೆಯ ಅಭ್ಯಾಸದಂತೆ ಫೈಲು ಬಿಚ್ಚಿ ವೈವಾಕ್ಕೆ ನಿಂತುಬಿಟ್ಟೆ. ಮಿಷನ್ ಎಂದರೇನು, ಡಿಗ್ನಿಟಿ ಎಂದರೇನು, ಒಬ್ಬೊಬ್ಬಳನ್ನೇ ಎಬ್ಬಿಸಿ ಕೇಳಿದೆ. ಕೋರ್ಸಿನ ನೋಟ್ಸಿನಲ್ಲಿದ್ದಂತೆಯೇ ಒಪ್ಪಿಸಿದರು. ಲವೀನಾಳಿಗೆ ಮಾತ್ರ ಒಂದೂ ಬರಲಿಲ್ಲ. ಕೊನೆಗೆ, ಊರಿಗೆ ಬರುವವರು ಯಾರು ಎಂದೆ. ಒಬ್ಬಳಿಗೆ ಮನೆಯ ಲೋನು, ಒಬ್ಬಳಿಗೆ ಮಗನ ಕಾಲೇಜು. ಎಲ್ಲ ನಿಜವಾದ ಕಾರಣಗಳೇ. ಯಾರ ಮೇಲೂ ಸಿಟ್ಟು ಬರಲಿಲ್ಲ. ಫೈಲು ಮುಚ್ಚಿ, ಬ್ಯಾಗಿನಿಂದ ರೊಟ್ಟಿ ಪ್ಯಾಕೆಟುಗಳನ್ನು ತೆಗೆದು ಹಂಚಿದೆ.

ತಿರುಗಿ ಬರುವ ಬಸ್ಸಿನಲ್ಲಿ ಲವೀನಾಳನ್ನು ಒಬ್ಬಳನ್ನೇ ಕೇಳಿದೆ.

"ನಾನು ಎಂತ ಮಾಡ್ಲಿ ಟೀಚರ್," ಎಂದಳು ಕಿಟಕಿಯ ಕಡೆ ನೋಡುತ್ತ. "ವಿಲ್ಸನ್‌ರನ್ನು ಒಪ್ಪಿಸಬಹುದು. ರಿಯಾನನ್ನೂ ಹೇಗಾದ್ರೂ ಮಾಡ್ಬಹುದು. ಆದ್ರೆ ಜನ ಅಲ್ಲಿಗೆ ಬರೋದು ಬಿಳಿ ಬಟ್ಟೆಯ ಅಮ್ಮನನ್ನು ನೋಡ್ಲಿಕ್ಕೆ. ನಾನು ಸಿಸ್ಟರ್ ಅಲ್ಲ, ಮದರ್ ಅಲ್ಲ. ಚೂಡಿದಾರ್ ಹಾಕ್ಕೊಂಡು ಮಂಚದ ಹತ್ರ ನಿಂತ್ರೆ, ಅಮ್ಮ ಎಲ್ಲಿ ಅಂತ ಕೇಳ್ತಾರೆ. ಆಗ ನಾನು ಎಂತ ಹೇಳೋದು?"

ತೊಡೆಯ ಮೇಲಿದ್ದ ಫೈಲನ್ನು ಬ್ಯಾಗಿಗೆ ತುರುಕಿದೆ. ಆ ಪ್ರಶ್ನೆ ಅದರಲ್ಲಿರಲಿಲ್ಲ.

ಸೋಮವಾರ ನನಗೆ ತಲೆ ಸುತ್ತಿದಂತಾಯಿತು. ಬಿ.ಪಿ. ತೋರಿಸಲೆಂದು ಲವೀನಾ ಡ್ಯೂಟಿಗೆ ಹೋಗುವಾಗ ತನ್ನ ಕ್ಲಿನಿಕ್ಕಿಗೇ ಕರೆದುಕೊಂಡು ಹೋದಳು. ಕನ್ನಡಿಯಂತೆ ಹೊಳೆಯುವ ಜಾಗ. ರೋಗಿಗೆ ಏಳು ನಿಮಿಷ. ನರ್ಸು ಕೂರಲು ಕುರ್ಚಿಯೇ ಇಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಕೂತಿದ್ದರು. ಭಟ್ಕಳದವರಂತೆ, ದೇರಾದಲ್ಲಿ ಬಟ್ಟೆಯಂಗಡಿ. ಕೆಮ್ಮಿಗೆ ಔಷಧಿ ಕೊಡಿ ಸಾಕು ಎನ್ನುತ್ತಿದ್ದರು. ಲವೀನಾ ಅತ್ತಿತ್ತ ನೋಡಿದಳು. ಆಮೇಲೆ ಅವರ ಕಾಲ ಬಳಿ ಕುಕ್ಕರುಗಾಲಲ್ಲಿ ಕೂತಳು. ಅವಳದು ನಮ್ಮ ಕೊಂಕಣಿ, ಅವರದು ಭಟ್ಕಳದ ಮುಸ್ಲಿಮರ ನವಾಯತಿ. ಎರಡು ಭಾಷೆಗೂ ನಂಟಿದೆಯಲ್ಲ, ಮಾತು ನಡೆಯಿತು. ಮನೆ ಯಾವ ಕೇರಿ, ಮಕ್ಕಳೆಷ್ಟು, ಅಡುಗೆ ಯಾರು ಮಾಡುತ್ತಾರೆ ಎಂದೆಲ್ಲ ಕೇಳಿದಳು. ರೋಗದ ಸುದ್ದಿಯನ್ನೇ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಮುದುಕರು ತಾವಾಗಿಯೇ ಎಡಗಾಲಿನ ಸಾಕ್ಸ್ ಕಳಚಿದರು. ಎರಡು ಬೆರಳು ಕಪ್ಪಾಗಿದ್ದವು. ಸಕ್ಕರೆ ಕಾಯಿಲೆಯ ಹುಣ್ಣು. ಕಾಲು ಕತ್ತರಿಸುತ್ತಾರೆಂದು ಹೆದರಿ ತಿಂಗಳಿಂದ ಮನೆಯವರಿಗೂ ತೋರಿಸಿರಲಿಲ್ಲವಂತೆ.

"ಲವೀನಾ, ಯಲ್ಲಾ, ಯಲ್ಲಾ," ಎಂದು ಮೇಲ್ವಿಚಾರಕಿ ಬಾಗಿಲಿನಿಂದ ಕೂಗಿ ಅವಸರಪಡಿಸಿದಳು.

"ಒನ್ ಮಿನಿಟ್," ಎಂದ ಲವೀನಾ ಏಳಲಿಲ್ಲ. ಆ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡೇ ಡಾಕ್ಟರನ್ನು ಕರೆಸಿದಳು.

ಆ ಸಂಜೆ ಬಾಲ್ಕನಿಯಲ್ಲಿ ಚಹಾ ಕುಡಿಯುವಾಗ, ಯಾರಿಗೂ ಹೇಳದ ಒಂದು ಮಾತನ್ನು ಅವಳಿಗೆ ಹೇಳಿದೆ. ನನಗೆ ನಲವತ್ತಾಗಿದ್ದಾಗ ಸಿಸ್ಟರ್ ಬೆನೆಡಿಕ್ಟಾ ತಮ್ಮ ಬಿಳಿ ನಿಲುವಂಗಿಯ, ಹ್ಯಾಬಿಟ್ಟಿನ, ಆಳವಾದ ಜೇಬಿನಿಂದ ಆಸ್ಪತ್ರೆಯ ಕೀಗೊಂಚಲು ತೆಗೆದು ನನ್ನೆದುರು ಹಿಡಿದಿದ್ದರು. ಒಂದು ದಿನ ನಮ್ಮವರು ಮುಗಿಯುತ್ತಾರೆ, ಈಗಿಂದಲೇ ನೀನು ಕಲಿ ಎಂದಿದ್ದರು. ನಾನು ನಕ್ಕು, "ಐ ಆಮ್ ನಾಟ್ ಎ ನನ್, ಸಿಸ್ಟರ್. ಜನ ಯಾರು ನನ್ನ ಮಾತು ಕೇಳ್ತಾರೆ?" ಎಂದಿದ್ದೆ.

ಲವೀನಾ ಕಪ್ಪು ಕೆಳಗಿಟ್ಟಳು. "ನೀವೂ ಅದನ್ನೇ ಹೇಳಿದ್ದಾ? ಮತ್ತೆ ಸಿಸ್ಟರ್?"

"ಏನೂ ಹೇಳಲಿಲ್ಲ. ಕೀ ಜೇಬಿಗೆ ಹಾಕಿಕೊಂಡರು, ಸ್ಟೂಲು ಎಳೆದುಕೊಂಡು ಮುಂದಿನ ಮಂಚಕ್ಕೆ ಹೋದರು. ಇವತ್ತು ಕ್ಲಿನಿಕ್ಕಿನಲ್ಲಿ ಆ ಸಾಹೇಬರು ಅಮ್ಮ ಎಲ್ಲಿ ಅಂತ ಕೇಳಿದರೇನೇ?"

ಅವಳು ಎರಡೂ ಕಪ್ಪು ಎತ್ತಿಕೊಂಡು ಒಳಗೆ ಹೋದಳು.

ಬುಧವಾರ ಏರ್‌ಪೋರ್ಟಿನಲ್ಲಿ ನನ್ನ ಬ್ಯಾಗು ತೂಕಕ್ಕಿಟ್ಟ ಮೇಲೆ ಅವಳೇ ಬಾಯಿ ಬಿಟ್ಟಳು. "ಮಾರ್ಚಲ್ಲಿ ರಿಯಾನ ಪರೀಕ್ಷೆ ಮುಗೀತದೆ. ಏಪ್ರಿಲ್‌ನಲ್ಲಿ ಅವಳನ್ನೂ ಕರ್ಕೊಂಡು ಬರ್ತೇನೆ. ವಿಲ್ಸನ್ ಒಂದು ವರ್ಷ ಇಲ್ಲೇ ಇರ್ತಾರೆ. ಆದ್ರೆ ಸಿಸ್ಟರಿಗೆ ಮೊದ್ಲೇ ಹೇಳಿಬಿಡಿ ಟೀಚರ್. ಬಿಳಿ ಬಟ್ಟೆಗಿಟ್ಟೆ ಎಲ್ಲ ಹಾಕುವವಳಲ್ಲ ನಾನು. ಚೂಡಿದಾರಲ್ಲೇ ಬರೋದು."

ಸೆಕ್ಯೂರಿಟಿ ದಾಟಿ ತಿರುಗಿ ನೋಡಿದಾಗ ಗಾಜಿನಾಚೆ ಅವಳು ಮೂಗು ಒರೆಸಿಕೊಳ್ಳುತ್ತಿದ್ದಳು.

ಮಂಗಳೂರಿನಲ್ಲಿಳಿದು ಮನೆಗೂ ಹೋಗದೆ ಟ್ಯಾಕ್ಸಿಯಲ್ಲಿ ಸೀದಾ ಆಸ್ಪತ್ರೆಗೆ ಹೋದೆ. ಎರಡೂವರೆ ಗಂಟೆಯ ದಾರಿ. ಸಿಸ್ಟರ್ ಬೆನೆಡಿಕ್ಟಾ ಕಿಟಕಿಯ ಪಕ್ಕದ ಮಂಚದಲ್ಲಿದ್ದರು, ಮೂಗಿಗೆ ನಳಿಕೆ. ಉಸಿರು ಕಟ್ಟಿ ಓಡಿಬಂದವಳು ಬಾಗಿಲಿನಿಂದಲೇ ಸುದ್ದಿ ಹೇಳಲು ಹೊರಟೆ. ಅವರು ಬೆರಳೆತ್ತಿ ಸ್ಟೂಲು ತೋರಿಸಿದರು. ಎಳೆದುಕೊಂಡು ಕೂತೆ. ಅದೇ ಸದ್ದು.

ಆಮೇಲೆ ಎಲ್ಲ ಹೇಳಿದೆ, ಚೂಡಿದಾರಿನ ಮಾತನ್ನೂ. ಅವರು ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ಆ ಚೂಡಿದಾರಿಗೆ ಜೇಬು ಉಂಟಾ ಕೇಳು," ಎಂದರು. "ಕೀ ಇಡಲಿಕ್ಕೆ ಬೇಕಲ್ಲ."

ದಿಂಬಿನಡಿಗೆ ಕೈ ಹಾಕಿ ಗೊಂಚಲು ಅಲ್ಲೇ ಇದೆಯೇ ಎಂದು ಮುಟ್ಟಿ ನೋಡಿಕೊಂಡು, ಗೋಡೆಯ ಕಡೆ ಮಗ್ಗುಲಾದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.